ಮಳೆಗೆ ಮೊದಲೇ ಬೆಟ್ಟ ಚಿಗುರಿತು!

ಚೈತ್ರದ ಬಿಸಿಲು. ಮಳೆ ಹಿಂದೆ ಸರಿದು ತಿಂಗಳುಗಳೇ ಆಗಿವೆ. ಬಾವಿ ತಳ ಕಂಡಿದೆ, ಹಳ್ಳದಲ್ಲಿ ಬರೀ ಕಲ್ಲು, ಕಾಲಿಟ್ಟಲ್ಲೆಲ್ಲ ದರಕು ಚರಚರ ಎನ್ನುತ್ತದೆ. ಇಂಥ ಹೊತ್ತಿನಲ್ಲಿ ಮಲೆನಾಡಿನ ಯಾವುದಾದರೂ ಸೊಪ್ಪಿನಬೆಟ್ಟಕ್ಕೆ ಹೋಗಿ ಸುಮ್ಮನೆ ತಲೆಯೆತ್ತಿ ನೋಡಿ! ಮಾವಿನ ಮೈತುಂಬ ತಾಮ್ರ, ಗೇರಿನ ತುದಿಯಲ್ಲಿ ಕಂದುಗೆಂಪು, ಕುಂಟನೇರಳೆಯ ಪೊದೆಯಲ್ಲಿ ನಸುಗೆಂಪು. ಹನಿ ನೀರಿಲ್ಲದ ನೆಲದ ಮೇಲೆ ಕಾಡಿಗೆ ಕಾಡೇ ಹೊಸ ಎಲೆ ಹೊರಡಿಸಿ ನಿಂತಿದೆ. ಯಾವ ಧೈರ್ಯದ ಮೇಲೆ? ಮಳೆ ಬಂದೇ ಬರುತ್ತದೆ ಅಂತ ಈ ಮರಗಳಿಗೆ ಹೇಳಿದವರಾದರೂ ಯಾರು?

ವಿಜ್ಞಾನಿಗಳಿಗೂ ಇದು ಒಗಟಾಗಿಯೇ ಕಂಡಿತ್ತು. ಎಲಿಯಟ್, ಬೇಕರ್, ಬೋರ್ಚರ್ಟ್ ಎಂಬ ಮೂವರು ಏಷ್ಯಾದ ಮಾನ್ಸೂನ್ ಕಾಡುಗಳ ಈ ಬೇಸಿಗೆಯ ಚಿಗುರಿನ ಬಗ್ಗೆಯೇ 2006ರಲ್ಲಿ ಒಂದು ಪ್ರಬಂಧ ಬರೆದರು. ಅವರು ಕೊಟ್ಟ ಉತ್ತರ ಕೇಳಿ ನಾನಂತೂ ಬೆಟ್ಟದ ದರೆಯ ಮೇಲೆ ಹಾಗೇ ಕೂತುಬಿಟ್ಟೆ. ಮರ ಕಾಯುವುದು ಮಳೆಯನ್ನಲ್ಲ, ಹಗಲನ್ನು! ಹಗಲು ಉದ್ದವಾಗುತ್ತಿರುವುದೇ ಅವಕ್ಕೆ ಸೂಚನೆ. ಎಷ್ಟು ಉದ್ದ? ಶಿರಸಿ, ಸಾಗರದ ಕಡೆ ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಹಗಲು ಹಿಗ್ಗುವುದು ಅರ್ಧ ಗಂಟೆಗೂ ಕಡಿಮೆ. ಗಡಿಯಾರ ಕಟ್ಟಿಕೊಂಡು ಓಡಾಡುವ ನಮಗೆ ಅದರ ಗುಮಾನಿಯೂ ಬರುವುದಿಲ್ಲ, ಮರಕ್ಕೆ ಗೊತ್ತಾಗುತ್ತದೆ. ಹಳೆಯ ಎಲೆ ಉದುರಿಸಿ ನೀರು ಆವಿಯಾಗುವುದನ್ನು ತಡೆದು, ಆಳದ ಬೇರಿನಿಂದ ಮೇಲೆಳೆದ ತೇವವನ್ನು ಕಾಂಡದಲ್ಲಿ ಕೂಡಿಟ್ಟು, ಅಷ್ಟರಲ್ಲೇ ಚಿಗುರುತ್ತದೆ.

ಇಷ್ಟೆಲ್ಲ ಕಷ್ಟ ಏಕೆ, ಜೂನ್‌ವರೆಗೆ ಕಾದರಾಗದೆ? ಈ ಪ್ರಶ್ನೆಗೆ ಉತ್ತರ ನಮ್ಮ ಬಂಡೀಪುರದ ಬೇಲಿಯಾಚೆ ಸಿಕ್ಕಿತ್ತು. ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಮುದುಮಲೈ ಕಾಡಿನಲ್ಲಿ ಚಿಗುರುಗಳ ಬೆನ್ನು ಹತ್ತಿ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಣಗಾಲದಲ್ಲೇ ಮುಂಚಿತವಾಗಿ ಚಿಗುರುವ ಮರಗಳ ಎಲೆಗೆ ಹುಳುವಿನ ಕಾಟ ಕಡಿಮೆ, ಮಳೆ ಬಿದ್ದ ಮೇಲೆ ಚಿಗುರುವವಕ್ಕೆ ಹೆಚ್ಚು. ಅಂದರೆ ಮರ ಹುಳುವನ್ನು ಹಿಂದೆ ಹಾಕಿ ಓಡುತ್ತಿದೆ! ಮಳೆಯ ಜೊತೆ ಕಂಬಳಿಹುಳು, ಮಿಡತೆಗಳ ದಂಡು ಬರುವಷ್ಟರಲ್ಲಿ ಎಲೆ ಬಲಿತು ಗಟ್ಟಿಯಾಗಿರಬೇಕು.

ಹುಳುವನ್ನು ಹಿಂದೆ ಹಾಕಿದ್ದೇನೋ ಸರಿ, ಆದರೆ ಸಾಗರದ ಹತ್ತಿರ ಇರುವ ನನ್ನ ದೊಡ್ಡಮ್ಮನನ್ನು ಯಾವ ಮರವೂ ಹಿಂದೆ ಹಾಕಿಲ್ಲ. ಬಿಸಿಲೇರುವ ಮೊದಲೇ ಸೆರಗು ಸಿಕ್ಕಿಸಿ, ಕೈಯಲ್ಲೊಂದು ಬುಟ್ಟಿ ಹಿಡಿದು ಬೆಟ್ಟ ಹತ್ತುತ್ತಾಳೆ. ಅವಳ ಲೆಕ್ಕದಲ್ಲಿ ಇದು ಕುಡಿಯ ಕಾಲ. ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಬೇಕೆಂದು ಬ್ರಿಟಿಷರ ಕಾಲದಿಂದ ಬೆಳೆಗಾರರ ಅನುಭೋಗಕ್ಕೆ ಬಿಟ್ಟ ಕಾಡು ಈ ಸೊಪ್ಪಿನಬೆಟ್ಟ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಅನ್ನುವ ಲೆಕ್ಕವೇ ಇದೆ. ಗಂಡಸರು ಅಲ್ಲಿಂದ ಹೊರೆಗಟ್ಟಲೆ ಸೊಪ್ಪು ತಂದರೆ, ಹೆಂಗಸರು ಅದೇ ಬೆಟ್ಟದಿಂದ ಊಟಕ್ಕೆ ತಂಬುಳಿಯನ್ನೇ ಎತ್ತಿಕೊಂಡು ಬರುತ್ತಾರೆ.

ಚಿವುಟುವುದನ್ನು ನೋಡಬೇಕು! ಹೆಬ್ಬೆರಳ ಉಗುರು ತಾಗಿಸಿದ ಕೂಡಲೇ ಟಕ್ಕೆಂದು ಮುರಿದರೆ ಅದು ಕುಡಿ. ನಾರು ಎಳೆದರೆ ಬಲಿತಿದೆ, ಬಿಟ್ಟು ಮುಂದೆ ಹೋಗಬೇಕು. ಗೇರಿನದು ನಾಲ್ಕು, ಪೇರಲೆಯದು ನಾಲ್ಕು, ಕುಂಟನೇರಳೆ, ಮಾವು, ಕೇಪಳ, ನೆಕ್ಕರಿಕ... ಒಂದೇ ಗಿಡವನ್ನು ಬೋಳಿಸುವಂತಿಲ್ಲ. "ಜಗಿದು ನೋಡು ತಮಾ" ಅಂತ ಕೈಗಿಟ್ಟ ಗೇರುಕುಡಿಯನ್ನು ಬಾಯಿಗೆ ಹಾಕಿದೆ. ಅಬ್ಬಾ, ಎಂಥ ಒಗರು! ನಾಲಿಗೆ, ಒಸಡು, ಕೆನ್ನೆಯ ಒಳಗೋಡೆ ಎಲ್ಲ ಒಟ್ಟಿಗೆ ಮುದುಡಿಕೊಂಡವು.

ಆ ಒಗರು ಟ್ಯಾನಿನ್. ಕುಡಿಗಿನ್ನೂ ಗಟ್ಟಿ ಮೈಯಿಲ್ಲ, ಹಸಿರು ಪೂರ್ತಿ ತುಂಬಿಲ್ಲ. ಆ ಕೆಂಪು ಆಂಥೋಸಯನಿನ್ ಎಂಬ ಬಣ್ಣದ್ದು. ಹಲ್ಲಿಗೆ ಮೆತ್ತಗಾದ ಎಲೆಗೆ ಬೇರೆ ರಕ್ಷಣೆ ಏನಿದೆ? ತಿನ್ನಬಂದವರ ಬಾಯಲ್ಲಿ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಕಟ್ಟಿಸುವ ಈ ರಸಾಯನವೇ ಅದರ ಕಾವಲು. ಹುಳುವನ್ನು ಓಡಿಸಲು ಮರ ಮಾಡಿಟ್ಟದ್ದನ್ನೇ ನಮ್ಮವರು ಹೊಟ್ಟೆ ಕೆಟ್ಟಾಗ ಔಷಧಿ ಅಂತ ಹಿಡಿದುಕೊಂಡುಬಿಟ್ಟರಲ್ಲ!

ಅಡುಗೆಮನೆಯಲ್ಲಿ ಇನ್ನೊಂದು ಬೆರಗು ಕಾದಿತ್ತು. ಕುಡಿಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ಹನಿ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಮುಗಿಯಿತು, ತಂಬುಳಿ ಸಿದ್ಧ. ಕುದಿಸುವುದು ಇಲ್ಲವೇ ಇಲ್ಲ. ಆದರೆ ಬೆಟ್ಟದ ಮೇಲೆ ಬಾಯಿ ಮುದುಡಿಸಿದ ಆ ಒಗರು ಎಲ್ಲಿ ಹೋಯಿತು? ಬಟ್ಟಲು ಎತ್ತಿ ಕುಡಿದರೆ ಗಂಟಲಲ್ಲಿ ತಂಪು ಇಳಿಯುತ್ತದೆ, ಒಗರಿನ ನೆನಪಷ್ಟೇ ಉಳಿಯುತ್ತದೆ. ಟ್ಯಾನಿನ್ನಿಗೆ ಅಂಟಿಕೊಳ್ಳಲು ಪ್ರೋಟೀನು ಬೇಕು ಅಂದೆನಲ್ಲ, ಮಜ್ಜಿಗೆಯಲ್ಲಿ ಅದು ಬೇಕಾದಷ್ಟಿದೆ. ನಮ್ಮ ನಾಲಿಗೆಯನ್ನು ಹಿಡಿಯಬೇಕಿದ್ದದ್ದು ಮಜ್ಜಿಗೆಯನ್ನೇ ಹಿಡಿದುಕೊಂಡಿತು! ಕಡುಚಹಕ್ಕೆ ಹಾಲು ಬಿದ್ದಾಗ ಆಗುವುದೂ ಇದೇ.

ಬೆಟ್ಟಕ್ಕೆ ಮರಳಿ ಬರೋಣ, ಅಲ್ಲಿ ಎದೆ ಝಲ್ಲೆನ್ನಿಸಿದ್ದೊಂದಿದೆ. ನೆಕ್ಕರಿಕದ ಎಲೆಯಲ್ಲಿ ಬುಡದಿಂದ ತುದಿಗೆ ಉದ್ದುದ್ದ ನರಗಳು ಓಡುತ್ತವೆ, ಗುರುತು ಸುಲಭ. ನಾಲ್ಕು ಹೆಜ್ಜೆ ಆಚೆ ಅಂಥದೇ ನರದ, ಫಳಫಳ ಹೊಳೆಯುವ ಎಳೆ ಎಲೆ ಕಂಡು ಕೈಚಾಚಿದೆ. "ಅದ್ನ ಮುಟ್ಟಡ ತಮಾ, ಕಾಸರಕ ಅದು!" ಸ್ಟ್ರಿಕ್ನಿನ್ ವಿಷದ ಮರ! ನೆಕ್ಕರಿಕದ ಎಲೆ ಸವರಿದರೆ ಸಣ್ಣ ರೋಮಗಳಿಂದ ತರಿತರಿ, ಕಾಸರಕದ್ದು ನುಣುಪು. ಸಾವು ಬದುಕಿನ ವ್ಯತ್ಯಾಸ ಬೆರಳ ತುದಿಯಲ್ಲಿದೆ. ಅದರ ಕಿತ್ತಳೆ ಬಣ್ಣದ ಹಣ್ಣನ್ನು ಮಂಗಟ್ಟೆ ಹಕ್ಕಿ ಆರಾಮವಾಗಿ ತಿನ್ನುತ್ತದೆ, ಒಳಗಿನ ಚಪ್ಪಟೆ ಬೀಜ ನಮಗೆ ಪ್ರಾಣಾಂತಕ. ಫೋನಿನಲ್ಲಿ ಚಿತ್ರ ನೋಡಿಕೊಂಡು ಕಾಡುಸೊಪ್ಪು ಕೊಯ್ಯಲು ಹೊರಡುವವರನ್ನು ಕಂಡರೆ ನನಗೀಗ ನಿಜಕ್ಕೂ ಭಯ.

ಬೆಟ್ಟದ ನೆತ್ತಿಯಲ್ಲಿ ಕೊಡಸಿಗೆ ಅರಳಿತ್ತು! ಬಿಳಿಬಿಳಿ, ಗೊಂಚಲು ಗೊಂಚಲು, ಐದೈದು ಎಸಳು. ಇದೇ ಸಂಸ್ಕೃತದ ಕುಟಜ. ಕಾಳಿದಾಸನ ಮೇಘದೂತದಲ್ಲಿ ಯಕ್ಷ ಮೋಡಕ್ಕೆ ಅರ್ಘ್ಯ ಕೊಟ್ಟದ್ದು ಈ ಹೂವಿನಿಂದಲೇ. ಇದರ ತೊಗಟೆಯಿಂದ ಆಗುವ ಕುಟಜಾರಿಷ್ಟ ಇವತ್ತಿಗೂ ಆಯುರ್ವೇದದ ಅಂಗಡಿಯಲ್ಲಿ ಸಿಗುತ್ತದೆ. ಆಮಶಂಕೆಗೆ ಹೆಸರಾದ ಮದ್ದು, ಅದರಲ್ಲಿರುವ ಕಾನೆಸಿನ್ ಎಂಬ ಕಹಿಸತ್ವ ಅಮೀಬಾಕ್ಕೆ ಶತ್ರು. ದೊಡ್ಡಮ್ಮನಿಗೆ ತೊಗಟೆ ಬೇಡ, ಹೂವು ಸಾಕು. ಬಿಸಿಲಲ್ಲಿ ಗರಿಗರಿ ಒಣಗಿಸಿ ಡಬ್ಬಿ ತುಂಬಿಟ್ಟರೆ ಮಳೆಗಾಲದಲ್ಲಿ, ಹೊಟ್ಟೆ ಮಾತು ಕೇಳದ ದಿನಗಳಲ್ಲಿ, ತುಪ್ಪದಲ್ಲಿ ಹುರಿದು ಮತ್ತೆ ತಂಬುಳಿ.

ಪಕ್ಕದಲ್ಲೇ ಅದರ ಜೋಡಿಯೊಂದು ನಿಂತಿತ್ತು. ಬಿಳಿ ಹೂವು, ಮುರಿದರೆ ಹಾಲು, ಉದ್ದನೆಯ ಜೋಡಿಕಾಯಿ, ಎಲ್ಲ ಹಾಗೆಯೇ! ಆದರೆ ಹೂವನ್ನು ಕಣ್ಣ ಹತ್ತಿರ ಹಿಡಿದರೆ ನಡುವೆ ನೂಲಿನಂಥ ಬಿಳಿ ಕುಚ್ಚು ಕಾಣುತ್ತದೆ. ಕೊಡಸಿಗೆಯಲ್ಲಿ ಅದಿಲ್ಲ. ಕೊಡಸಿಗೆಯ ಎರಡು ಕಾಯಿ ಬಿಡಿಬಿಡಿ ಜೋತರೆ, ಇದರವು ತುದಿಯಲ್ಲಿ ಕೂಡಿಕೊಂಡಿರುತ್ತವೆ. ಬೀಜ ಜಗಿದರೆ ಕೊಡಸಿಗೆ ಕಡುಕಹಿ, ಇದು ಅಷ್ಟಲ್ಲ. ಮದ್ದಿನ ವ್ಯಾಪಾರದಲ್ಲಿ ಒಂದರ ಬದಲು ಇನ್ನೊಂದು ಸೇರುವುದು ಹಳೆಯ ರಗಳೆ. ಇದೇ ಹಾಲೆ ಮರ. ಹೌದು, ಚನ್ನಪಟ್ಟಣದ ಬೊಂಬೆಯ ಹಾಲೆ! ತಿರುಗಣಿಗೆ ಕೊಟ್ಟರೆ ನುಣ್ಣಗೆ ಕಡೆಯಲು ಬರುವ, ಅರಗಿನ ಬಣ್ಣ ಹಿಡಿಯುವ, ಬೆಳ್ಳಗಿನ ಮರ. ನಾನು ಚಿಕ್ಕವನಿದ್ದಾಗ ಕಚ್ಚಿ ಕಚ್ಚಿ ಗಾಯ ಮಾಡಿದ್ದ ಬುಗುರಿ ಇದರ ಮೈಯಿಂದಲೇ ಬಂದದ್ದು ಅಂದರೆ!

ಮರದ ಸುತ್ತ ಇನ್ನೊಂದು ಸುತ್ತು ಬರುವಷ್ಟರಲ್ಲಿ ದೊಡ್ಡಮ್ಮ ಆಗಲೇ ಇಳಿಜಾರಿನಲ್ಲಿದ್ದಳು. ಕೆಳಗಿನ ಹುಲ್ಲಿನ ಬ್ಯಾಣದಲ್ಲಿ ಕವಳಿಹಣ್ಣು ಕಪ್ಪಾಗಿದೆಯಂತೆ, ಮುಳ್ಳಿದೆ, ನೋಡಿಕೊಂಡು ಕೈಹಾಕಬೇಕಂತೆ.