ಯಾವ ಕೆಲಸಕ್ಕೆ ಯಾವ ಬಾಗಿಲು: ನಮ್ಮ ನಗರಪಾಲಿಕೆಯ ವ್ಯವಸ್ಥೆ

ಇಂಥ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಸ್ತ್ರೀವಿದ್ಯಾಭ್ಯಾಸದ ಮಹತ್ವವನ್ನು ಕುರಿತು ಬರೆಯುವದು ವಾಡಿಕೆ. ಆದರೆ ಆ ಮಹತ್ವವನ್ನು ಅರಿಯದವರು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿಯುವವರಲ್ಲಿ ಇರಲಾರರು. ಆದುದರಿಂದ ನಾವು ಈ ಸಾರಿ ನಗರಪಾಲಿಕೆಯ ವಿಷಯವನ್ನು ತೆಗೆದುಕೊಂಡಿದ್ದೇವೆ. ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುವದು ಯುಕ್ತವು.

ಕಮಲಾಪುರದ ಕಡೆಯಿಂದ ಬಂದು ನಮ್ಮಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ಜನನ ಪ್ರಮಾಣಪತ್ರವನ್ನು ನೋಡಲಾಗಿ, ಅದರಲ್ಲಿ ತಾಯಿಯ ಹೆಸರಿತ್ತು, ತಂದೆಯ ಹೆಸರಿತ್ತು, ಹುಟ್ಟಿದ ದಿನವಿತ್ತು. ಹುಡುಗಿಯ ಹೆಸರು ಮಾತ್ರ ಇರಲಿಲ್ಲ. ಹುಟ್ಟಿದಾಗ ನಾಮಕರಣವಾಗದೆ ಇದ್ದುದರಿಂದ ಆ ಸ್ಥಳವನ್ನು ಖಾಲಿ ಬಿಟ್ಟಿದ್ದರು. ಆಮೇಲೆ ಯಾರೂ ಅದನ್ನು ತುಂಬಿಸಲಿಲ್ಲ. ಇಂಥ ಹೆಸರನ್ನು ನೋಂದಣಿಯಾದ 15 ವರ್ಷಗಳ ಒಳಗೆ ಸೇರಿಸುವದಕ್ಕೆ ನಿಯಮಗಳಲ್ಲಿ ಅವಕಾಶವುಂಟು. ಹುಡುಗಿಗೆ ಆಗಲೇ 14 ತುಂಬಿತ್ತು. ಉಳಿದದ್ದು ಕೆಲವೇ ತಿಂಗಳು. ಮುಂದೆ ಆಕೆ ದಾದಿಯಾಗಿ ಪರದೇಶಕ್ಕೆ ಹೋಗಬೇಕೆಂದಾಗ ಹೆಸರಿಲ್ಲದ ಕಾಗದವು ಎಷ್ಟು ತೊಡಕು ಮಾಡುವದೆಂಬದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಅನುಭವದಿಂದ ಬಲ್ಲರು.

ನಾವು ಆ ತಾಯಿಯನ್ನು ಕಮಲಾಪುರದ ತಹಸೀಲ ಕಚೇರಿಗೆ ಕಳುಹಿಸಿದೆವು. ಅದು ನಮ್ಮದೇ ತಪ್ಪು. ಅಲ್ಲಿಂದ ಅವರು ಇನ್ನೊಂದು ಕಚೇರಿಗೆ ಹೋದರು, ಅಲ್ಲಿಂದ ಮತ್ತೊಂದಕ್ಕೆ. ಮೂರು ದಿನದ ಕೂಲಿ ಹೋಯಿತು. ನಾಲ್ಕನೆಯ ದಿನ ಬಂದು ನಮ್ಮ ಮೇಜಿನ ಎದುರು ನಿಂತು, "ಅಕ್ಕೋರೆ, ಎಲ್ಲಿ ಹೋದ್ರೂ ಇಲ್ಲಲ್ಲ ಅಂತಾರ್ರೀ. ಹಂಗಾದ್ರ ಎಲ್ಲಿ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ತಿಳುವಳಿಕೆ ನಮಗೂ ಇರಲಿಲ್ಲ. ಪೌರನೀತಿಯ ಪಾಠವನ್ನು ಇಪ್ಪತ್ತು ವರ್ಷ ಕಲಿಸಿದ ನಮಗೆ ಇದು ನಾಚಿಕೆಯ ಸಂಗತಿಯೇ ಸರಿ.

ಜನನ ಮರಣಗಳ ನೋಂದಣಿಯ ಕಾಯಿದೆಯು 1969ರದು. ಅದರ ತಿರುಳು ಇಷ್ಟೇ: ಮಗುವು ಎಲ್ಲಿ ಹುಟ್ಟಿತೋ ಅಲ್ಲಿಯೇ ಅದರ ನೋಂದಣಿಯಾಗಬೇಕು; ತಾಯಿತಂದೆಗಳ ಊರು ಯಾವದೆಂಬದು ಇಲ್ಲಿ ಲೆಕ್ಕಕ್ಕೆ ಬರುವದಿಲ್ಲ. ಹುಡುಗಿಯು ಹುಟ್ಟಿದ್ದು ಕಲಬುರಗಿಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ. ಆದುದರಿಂದ ಆಕೆಯ ಹೆಸರು ಸೇರಬೇಕಾದ ಪುಸ್ತಕವು ಕಲಬುರಗಿ ಮಹಾನಗರ ಪಾಲಿಕೆಯ ಜನನ ಮರಣ ವಿಭಾಗದಲ್ಲಿತ್ತು. ಕಮಲಾಪುರವು 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲೊಂದು. ಅಲ್ಲಿಯ ತಹಸೀಲದಾರರು ಕಂದಾಯ ಇಲಾಖೆಯವರು, ಪಾಲಿಕೆಯ ಪುಸ್ತಕದ ಮೇಲೆ ಅವರಿಗೆ ಅಧಿಕಾರವಿಲ್ಲ. ಇಲ್ಲವೆಂದ ಪ್ರತಿಯೊಬ್ಬರೂ ನಿಜವನ್ನೇ ಹೇಳಿದ್ದರು.

ಇನ್ನು ಪಾಲಿಕೆಯೆಂದರೇನು? ನಮ್ಮ ಹುಡುಗಿಯರನ್ನು ಕೇಳಿದರೆ "ಮೇಯರರು" ಎನ್ನುತ್ತಾರೆ. ಮನೆಯ ಹಿರಿಯರನ್ನು ಕೇಳಿದರೆ "ಟ್ಯಾಕ್ಸಿನ ಆಫೀಸು" ಎನ್ನುತ್ತಾರೆ. ಎರಡೂ ಅರ್ಧ ನಿಜ. ಕರ್ನಾಟಕದ ಮಹಾನಗರ ಪಾಲಿಕೆಗಳು 1976ರ ಅಧಿನಿಯಮದಂತೆ ನಡೆಯುತ್ತವೆ. ಆ ಅಧಿನಿಯಮವು ಪಾಲಿಕೆಯಲ್ಲಿ ನಿರ್ಣಯ ಮಾಡುವ ಕೈಯನ್ನೂ ಕೆಲಸ ಮಾಡುವ ಕೈಯನ್ನೂ ಬೇರೆಬೇರೆಯಾಗಿ ಇರಿಸಿದೆ. ನಿರ್ಣಯ ಮಾಡುವದು ಜನರು ಆರಿಸಿದ ಸಭೆ. ಅದನ್ನು ನಡಿಸುವದು ಸರಕಾರವು ನೇಮಿಸಿದ ಆಯುಕ್ತರೂ ಅವರ ಕೈಕೆಳಗಿನ ಇಲಾಖೆಗಳೂ. ಈ ಭೇದವನ್ನು ತಿಳಿದರೆ ಮಿಕ್ಕದ್ದೆಲ್ಲಾ ಸುಲಭವಾಗುತ್ತದೆ.

ಕಲಬುರಗಿ ನಗರವು 55 ವಾರ್ಡುಗಳಾಗಿ ವಿಭಾಗಿಸಲ್ಪಟ್ಟಿದೆ. ಒಂದೊಂದು ವಾರ್ಡಿಗೆ ಒಬ್ಬೊಬ್ಬ ಸದಸ್ಯರು. ನಗರದ ಲೋಕಸಭಾ ಸದಸ್ಯರೂ ಶಾಸಕರೂ ಪಾಲಿಕೆಯ ಸಭೆಯಲ್ಲಿ ಸ್ಥಾನವುಳ್ಳವರೇ, ಮೇಯರರ ಚುನಾವಣೆಯಲ್ಲಿ ಅವರಿಗೆ ಮತವೂ ಉಂಟು. ಸರಕಾರವು ನಾಮಕರಣ ಮಾಡಿದ ಸದಸ್ಯರಿಗಾದರೋ ಮಾತಾಡುವ ಹಕ್ಕಿದೆ, ಮತವಿಲ್ಲ. ಮೇಯರರೂ ಉಪಮೇಯರರೂ ಒಂದು ವರ್ಷದ ಮಟ್ಟಿಗೆ ಆರಿಸಲ್ಪಡುತ್ತಾರೆ. ಒಂದು ವರ್ಷದಲ್ಲಿ ಒಬ್ಬರು ಕಚೇರಿಯ ಕಾಗದಗಳನ್ನು ತಿಳಿದುಕೊಳ್ಳುವಷ್ಟರಲ್ಲಿ ಅವಧಿ ಮುಗಿಯುತ್ತದೆ. ಇದು ಒಳ್ಳೆಯ ಏರ್ಪಾಡೆಂದು ನಮಗೆ ತೋರುವದಿಲ್ಲ. ಸಭೆಯ ಕೆಳಗೆ ಏಳೇಳು ಸದಸ್ಯರ ನಾಲ್ಕು ಸ್ಥಾಯಿ ಸಮಿತಿಗಳಿವೆ. ತೆರಿಗೆ ಮತ್ತು ಹಣಕಾಸು ಒಂದಕ್ಕೆ, ಆರೋಗ್ಯ ಶಿಕ್ಷಣ ಸಾಮಾಜಿಕ ನ್ಯಾಯ ಇನ್ನೊಂದಕ್ಕೆ, ನಗರ ಯೋಜನೆ ಮತ್ತೊಂದಕ್ಕೆ, ಲೆಕ್ಕಪತ್ರಗಳು ಕೊನೆಯದಕ್ಕೆ. ವೃತ್ತಪತ್ರಗಳಲ್ಲಿ ಸಭೆಯ ಗದ್ದಲವಷ್ಟೇ ಬರುತ್ತದೆ, ಸಮಿತಿಗಳ ಕೆಲಸವು ಬರುವದಿಲ್ಲ. ನಿಜವಾದ ಪರಿಶೀಲನೆಯು ನಡೆಯತಕ್ಕ ಸ್ಥಳವು ಸಮಿತಿಯೇ.

ಎರಡು ಕೈಗಳು ಬೇರೆ ಎಂಬದಕ್ಕೆ ನಮ್ಮ ಊರಿನಲ್ಲಿಯೇ ದೊಡ್ಡ ದೃಷ್ಟಾಂತವುಂಟು. 2021ರ ಸೆಪ್ಟೆಂಬರದಲ್ಲಿ ಪಾಲಿಕೆಯ ಚುನಾವಣೆಯಾಯಿತು. 55ರಲ್ಲಿ ಅತಿ ಹೆಚ್ಚು ಪಡೆದ ಪಕ್ಷಕ್ಕೆ ಬಂದದ್ದು 27 ಸ್ಥಾನ. ಬಹುಮತಕ್ಕೆ ಒಂದು ಕಡಿಮೆ. ಮೇಯರರ ಚುನಾವಣೆಯು ಮುಂದೆ ಮುಂದೆ ಹೋಗಿ ಕೊನೆಗೆ ನಡೆದದ್ದು 2023ರ ಮಾರ್ಚದಲ್ಲಿ. ಈ ಒಂದೂವರೆ ವರ್ಷದಲ್ಲಿ ಬೀದಿ ಗುಡಿಸುವವರು ಬೆಳಿಗ್ಗೆ ಬಂದೇ ಬಂದರು, ತೆರಿಗೆಯ ರಶೀದಿಗಳು ಹರಿಯಲ್ಪಟ್ಟವು, ಜನನ ಪತ್ರಗಳು ಕೊಡಲ್ಪಟ್ಟವು. ಆಯುಕ್ತರ ಕೈ ನಿಲ್ಲಲಿಲ್ಲ. ನಿಂತದ್ದು ಇನ್ನೊಂದು ಕೈ: ಯಾವ ಓಣಿಗೆ ಮೊದಲು ಚರಂಡಿ, ಯಾವ ಶಾಲೆಯ ಎದುರಿಗೆ ದೀಪ ಎಂದು ಜನರ ಪರವಾಗಿ ಕೂತು ಕೇಳುವ ಸಭೆಯೇ ಇರಲಿಲ್ಲ. ಮತ ಹಾಕಿದ ಗೃಹಿಣಿಯು ತನ್ನ ಸದಸ್ಯರ ಬಾಗಿಲಿಗೆ ಹೋದರೆ, ಅವರು ಗೆದ್ದಿದ್ದರೂ ಸಭೆಯಲ್ಲಿ ಕೂತವರಲ್ಲ.

ಆಯುಕ್ತರ ಕೆಳಗಿನ ಇಲಾಖೆಗಳಲ್ಲಿ ನಮ್ಮ ಗೃಹಿಣಿಯರಿಗೆ ಹೆಚ್ಚು ಸಂಬಂಧಿಸಿದ್ದು ಆರೋಗ್ಯ ಶಾಖೆ. ಕಸ, ಚರಂಡಿಯ ಶುಚಿ, ಸೊಳ್ಳೆಯ ಔಷಧ, ಹೋಟೆಲುಗಳ ತಪಾಸಣೆ ಇವೆಲ್ಲಾ ಅಲ್ಲಿಯವು. ಆರೋಗ್ಯ ನಿರೀಕ್ಷಕರೂ ಪೌರಕಾರ್ಮಿಕರೂ ಇದಕ್ಕೆ ಸೇರಿದವರು. ಚರಂಡಿಯು ಕಟ್ಟಿಕೊಂಡರೆ ನಿರೀಕ್ಷಕರಿಗೆ ತಿಳಿಸಿದರೆ ಸಾಕು, ಸಭೆಯ ನಿರ್ಣಯವು ಬೇಕಾಗಿಲ್ಲ. ಆದರೆ ಚರಂಡಿಯೇ ಇಲ್ಲದ ಓಣಿಗೆ ಹೊಸದಾಗಿ ಕಟ್ಟಿಸಬೇಕಾದರೆ ಅದು ಇಂಜಿನಿಯರರ ಶಾಖೆಯ ಕೆಲಸ. ಅಂದಾಜುಪಟ್ಟಿ, ಆಯವ್ಯಯದಲ್ಲಿ ಹಣ, ಟೆಂಡರು, ಇಷ್ಟು ದಾರಿ ನಡೆಯಬೇಕು. ಮೊದಲನೆಯದಕ್ಕೆ ಸದಸ್ಯರ ಮನೆಗೆ ಹೋಗಿ, ಎರಡನೆಯದಕ್ಕೆ ಪೌರಕಾರ್ಮಿಕಳನ್ನು ಬೈಯುವವರನ್ನು ನಾವು ಕಂಡಿದ್ದೇವೆ. ಮುಂಜಾನೆ ನಾವು ಮಲಗಿರುವಾಗಲೇ ಬರುವ ಆ ಹೆಣ್ಣುಮಕ್ಕಳು ನಮ್ಮ ಬೈಗುಳಕ್ಕೆ ಪಾತ್ರರಲ್ಲ. ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಮಾಡಿ ಕೊಡದಿದ್ದರೆ ಅದನ್ನು ಕೈಯಿಂದ ಆರಿಸುವವರು ಅವರೇ.

ಕಂದಾಯ ಶಾಖೆಯು ಆಸ್ತಿ ತೆರಿಗೆಯನ್ನೂ ಖಾತೆಯ ಪುಸ್ತಕವನ್ನೂ ನೋಡಿಕೊಳ್ಳುತ್ತದೆ. ಮನೆಯ ಯಜಮಾನನೇ ಅಳತೆಯನ್ನು ಘೋಷಿಸಿ ತೆರಿಗೆಯ ಲೆಕ್ಕ ಮಾಡಿ ತುಂಬುವ ಪದ್ಧತಿಯಿದೆ. ಏಪ್ರಿಲದಲ್ಲಿಯೇ ತುಂಬಿದವರಿಗೆ ನೂರಕ್ಕೆ ಐದರಂತೆ ರಿಯಾಯತಿ ಸಿಗುತ್ತದೆ. ರಶೀದಿಯನ್ನು ಓದಿ ನೋಡಿದರೆ ತೆರಿಗೆಯ ಸಂಗಡ ಗ್ರಂಥಾಲಯದ ಉಪಕರವೂ ಭಿಕ್ಷುಕರ ಪರಿಹಾರದ ಉಪಕರವೂ ಸೇರಿರುವದು ಕಾಣುತ್ತದೆ. ಇವು ಪಾಲಿಕೆಯ ಪೆಟ್ಟಿಗೆಯಲ್ಲಿ ಉಳಿಯತಕ್ಕವಲ್ಲ. ಪಾಲಿಕೆಯು ವಸೂಲು ಮಾಡಿ ಆಯಾ ಕೆಲಸದವರಿಗೆ ಒಪ್ಪಿಸಬೇಕು. ನಮ್ಮ ಮಕ್ಕಳು ಸಾರ್ವಜನಿಕ ಗ್ರಂಥಾಲಯದಲ್ಲಿ ಓದುವ ಪುಸ್ತಕಕ್ಕೆ ಅವರ ಮನೆಯವರೇ ಹಣ ಕೊಟ್ಟಿದ್ದಾರೆಂದು ಹೇಳಿದಾಗ ಅವರಿಗೆ ಬಹಳ ಸೋಜಿಗವಾಯಿತು. ಮಗಳ ಹೆಸರನ್ನು ಖಾತೆಯಲ್ಲಿ ಸೇರಿಸುವದಕ್ಕೂ ಇದೇ ಶಾಖೆಗೆ ಹೋಗಬೇಕು. ತಂದೆಯ ಮರಣದ ನಂತರ ಅಣ್ಣತಮ್ಮಂದಿರು ಮಾಡುತ್ತಾರೆಂದು ಸುಮ್ಮನಿರುವ ಹೆಣ್ಣುಮಕ್ಕಳು ಈ ವಾಕ್ಯವನ್ನು ಎರಡು ಸಾರಿ ಓದಲಿ.

ನಗರ ಯೋಜನೆ, ಲೆಕ್ಕಪತ್ರ, ಕಾನೂನು, ಪರಿಷತ್ತಿನ ಕಾರ್ಯದರ್ಶಿಯ ಕಚೇರಿ ಮೊದಲಾದವು ಬೇರೆ ಇವೆ. ಮನೆ ಕಟ್ಟುವವರಿಗೆ ಹೊರತು ನಮಗೆ ಅವುಗಳ ಗೊಡವೆ ಕಡಿಮೆ.

ನೀರಿನ ವಿಷಯವು ಮಾತ್ರ ತೊಡಕಿನದು. ಕಮಲಾಪುರದಿಂದ ಬರುವ ಮಕ್ಕಳು ಕುರಿಕೋಟಾದ ಸೇತುವೆಯ ಮೇಲಿಂದ ಬೆಣ್ಣೆತೊರಾ ನದಿಯನ್ನು ನೋಡುತ್ತಾ ಬರುತ್ತಾರೆ. ಕಲಬುರಗಿಯ ನಲ್ಲಿಗಳಿಗೆ ಬರುವ ನೀರಿನಲ್ಲಿ ಒಂದು ಭಾಗವು ಇದೇ ನದಿಯದು, ಇನ್ನೊಂದು ಭಾಗವು ಭೀಮೆಯದು. ಹಳ್ಳಿಯ ಕಡೆಯ ಹೊಳೆಯಿಂದ ಪಟ್ಟಣದ ಮನೆಗೆ ಬರುವ ಈ ನೀರು ಒಂದೇ ಇಲಾಖೆಯ ಕೈಯಿಂದ ಬರುವದಿಲ್ಲ. ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯೆಂಬ ರಾಜ್ಯಮಟ್ಟದ ಬೇರೊಂದು ಸಂಸ್ಥೆಯುಂಟು. ವಿಶ್ವ ಬ್ಯಾಂಕಿನ ನೆರವಿನಿಂದ 2004ರಲ್ಲಿ ಮಂಜೂರಾದ ಯೋಜನೆಯಂತೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ಹಗಲೂ ರಾತ್ರಿಯೂ ನೀರು ಬಿಡುವ ಪ್ರಯೋಗವಾಯಿತು. ಆಗ ಕೆಲಸವನ್ನು ನಡಿಸುವದಕ್ಕೆ ಕಂಪನಿಯೂ ಬಂತು. ಆದುದರಿಂದ ಕೊಳವೆಯು ಒಡೆದರೆ ದೂರು ಯಾರಿಗೆಂಬ ಪ್ರಶ್ನೆಗೆ ಉತ್ತರವು ಎಲ್ಲಾ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ನೀರಿನ ಬಿಲ್ಲಿನ ಮೇಲೆ ಬರೆದ ಹೆಸರನ್ನೂ ದೂರವಾಣಿಯ ಅಂಕಿಯನ್ನೂ ನೋಡಿಕೊಂಡು ಹೋಗುವದೇ ಕ್ಷೇಮ. ವಿದ್ಯುತ್ತಿನದೂ ಹೀಗೆಯೇ: ಬೀದಿಯ ದೀಪವು ಪಾಲಿಕೆಯದು, ಮನೆಯ ದೀಪವು ವಿದ್ಯುತ್ ಸರಬರಾಜು ಕಂಪನಿಯದು.

ಇದಲ್ಲದೆ ಕಲಬುರಗಿಯು ವಿಭಾಗದ ಕೇಂದ್ರವಾದುದರಿಂದ ಇಲ್ಲಿ ಆಯುಕ್ತರು ಬಹು ಮಂದಿ. ಪಾಲಿಕೆಯ ಆಯುಕ್ತರು, ಪ್ರಾದೇಶಿಕ ಆಯುಕ್ತರು, 2019ರಿಂದ ಪೊಲೀಸ ಆಯುಕ್ತರು, ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತರು. ನಮ್ಮ ಶಾಲೆಗಳ ಮೇಲಿನ ಅಪರ ಆಯುಕ್ತರು ಬೇರೆ. "ಆಯುಕ್ತರ ಆಫೀಸಿಗೆ ನಡೆ" ಎಂದು ರಿಕ್ಷಾದವನಿಗೆ ಹೇಳಿ ಆ ತಾಯಿಯು ಎರಡನೆಯ ದಿನ ಇಳಿದದ್ದು ಇವುಗಳಲ್ಲಿ ಯಾವದರ ಬಾಗಿಲಲ್ಲಿ ಎಂಬದನ್ನು ಹೇಳದೆ ಬಿಡುತ್ತೇವೆ.

ಸಣ್ಣ ಊರುಗಳಲ್ಲಿ ಇಷ್ಟು ಬಾಗಿಲುಗಳಿಲ್ಲ. ರಾಜ್ಯಾಂಗದ 74ನೆಯ ತಿದ್ದುಪಡಿಯು 1993ರ ಜೂನದಿಂದ ಜಾರಿಗೆ ಬಂದು, ಹಳ್ಳಿಯಿಂದ ಪಟ್ಟಣವಾಗುತ್ತಿರುವ ಊರಿಗೆ ಪಟ್ಟಣ ಪಂಚಾಯಿತಿ, ಚಿಕ್ಕ ನಗರಕ್ಕೆ ಪುರಸಭೆ ಅಥವಾ ನಗರಸಭೆ, ದೊಡ್ಡದಕ್ಕೆ ಮಹಾನಗರ ಪಾಲಿಕೆ ಎಂದು ಮೆಟ್ಟಿಲುಗಳನ್ನು ಗೊತ್ತುಮಾಡಿತು. 2011ರ ಜನಗಣತಿಯಲ್ಲಿ ಕಲಬುರಗಿಯ ಜನಸಂಖ್ಯೆಯು 5,30,000ಕ್ಕೂ ಮೇಲಿತ್ತು. ಅದೇ ತಿದ್ದುಪಡಿಯು ಸ್ತ್ರೀಯರಿಗೆ ಮೂರರಲ್ಲಿ ಒಂದು ಪಾಲು ಸ್ಥಾನಗಳನ್ನು ಇಟ್ಟಿತು. ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಇದು ಕಾಗದದ ಮಾತಲ್ಲ. ಆದರೆ ಹೆಂಡತಿಯು ಆರಿಸಿ ಬಂದು ಗಂಡನು ಕಚೇರಿಗಳಿಗೆ ತಿರುಗಾಡುವ ರೂಢಿಯು ಕೆಲವು ಊರುಗಳಲ್ಲಿ ಇರುವದನ್ನು ಕೇಳಿದಾಗ ನಮಗೆ ದುಃಖವಾಗುತ್ತದೆ. ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ನಮ್ಮ ಬೋರ್ಡಿಂಗಿನ ಹುಡುಗಿಯರು ಬರಿಯ ಹೆಸರುಗಳ ಪಟ್ಟಿಯೆಂದು ಬೇಸರದಿಂದ ಓದುತ್ತಾರೆ. ಅದು ಯೆರೂಸಲೇಮಿನ ಗೋಡೆಯ ಯಾವ ತುಂಡನ್ನು ಯಾರು ಕಟ್ಟಿದರೆಂಬ ಲೆಕ್ಕ; ತಿಪ್ಪೆಬಾಗಿಲಿಗೂ ಒಬ್ಬ ಜವಾಬ್ದಾರನಿದ್ದನು. ಆ ಪಟ್ಟಿಯಲ್ಲಿ ಶಲ್ಲೂಮನ ಹೆಣ್ಣುಮಕ್ಕಳೂ ಇದ್ದಾರೆ. ತಂದೆಯೊಡನೆ ತಾವೂ ಗೋಡೆ ಕಟ್ಟಿದರು.

ಕಚೇರಿಗೆ ಹೋಗುವವರಿಗೆ ಒಂದೆರಡು ಮಾತು. ಅರ್ಜಿಯನ್ನು ಬಾಯಿಮಾತಿನಿಂದ ಕೊಡಬಾರದು. ಸಕಾಲವೆಂದು ಕರೆಯಲ್ಪಡುವ 2011ರ ಅಧಿನಿಯಮದಂತೆ ಅನೇಕ ಸೇವೆಗಳಿಗೆ ದಿನಗಳ ಮಿತಿಯುಂಟು; ಅರ್ಜಿ ಕೊಟ್ಟಾಗ ಅಂಕಿಯುಳ್ಳ ರಶೀದಿಯನ್ನು ಕೇಳಿ ಪಡೆಯಬೇಕು. ಗೊತ್ತಾದ ದಿನದೊಳಗೆ ಕೆಲಸವಾಗದಿದ್ದರೆ ಮೇಲ್ಮನವಿಗೆ ಆ ಅಂಕಿಯೇ ಆಧಾರ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ನಮ್ಮ ವಾರ್ಡಿನ ಕೆಲಸಕ್ಕೆ ಎಷ್ಟು ಹಣ ವೆಚ್ಚವಾಯಿತೆಂದು ಕೇಳುವ ಹಕ್ಕೂ ಇದೆ.

ಐದನೆಯ ದಿನ ನಾವೇ ಆ ತಾಯಿಯ ಸಂಗಡ ಹೋದೆವು. ಶಾಲೆಯ ದಾಖಲಾತಿಯ ಪ್ರತಿ, ತಾಯಿತಂದೆಗಳ ಗುರುತಿನ ಕಾಗದಗಳು, ಹಳೆಯ ಪ್ರಮಾಣಪತ್ರ ಇವನ್ನು ಕೊಟ್ಟು ರಶೀದಿಯನ್ನು ತೆಗೆದುಕೊಂಡೆವು. ಆ ತಾಯಿಗೆ ಸಹಿ ಬರುತ್ತಿತ್ತು, ಮಗಳೇ ಕಲಿಸಿದ್ದಳಂತೆ. ಹೆಸರು ಸೇರಿದ ಹೊಸ ಕಾಗದವು ಬಂದ ವಾರ ಅವರು ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪನ್ನು ತಂದು ನಮ್ಮ ಮೇಜಿನ ಮೇಲಿಟ್ಟು ಹೋದರು. ಹುಡುಗಿಯು ಈಗ ಎಂಟನೆಯ ತರಗತಿಯ ಮಕ್ಕಳೊಡನೆ ಸೇರಿ, ಯಾವ ಕೆಲಸಕ್ಕೆ ಯಾವ ಬಾಗಿಲೆಂಬ ಒಂದು ಪಟ್ಟಿಯನ್ನು ಬರೆದು ನಮ್ಮ ಕಚೇರಿಯ ಹೊರಗೋಡೆಗೆ ಅಂಟಿಸಿದ್ದಾಳೆ. ನೀರಿನ ಎದುರಿನ ಸ್ಥಳವನ್ನು ಪೆನ್ಸಿಲಿನಿಂದ ಬರೆದಿದ್ದಾಳೆ.