ಎಲೆ ಹಳದಿಯೋ, ಫೋನ್ ಸ್ಕ್ರೀನ್ ಹಳದಿಯೋ?

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ರಾತ್ರಿ ಹತ್ತು ಗಂಟೆಗೆ ಮೆಣಸಿನಗಿಡದ ಫೋಟೋ ಕಳಿಸಿದ್ದ. "ಅಣ್ಣಾ, ಹೂವು ಕಮ್ಮಿ ಇದೆ, ಏನ್ ಮಾಡ್ಲಿ?" ನೋಡಿದ್ರೆ ಗಿಡವೆಲ್ಲಾ ಹಳದಿ ಹಳದಿ. ಸಾರಜನಕ ಸಾಲ್ತಿಲ್ಲ, ಕಡಲೆಕಾಯಿ ಹಿಂಡಿ ನೀರು ಕೊಡಪ್ಪ ಅಂದುಬಿಟ್ಟೆ. ಬೆಳಿಗ್ಗೆ ಎದ್ದು ಅದೇ ಫೋಟೋ ನೋಡ್ತೀನಿ, ಎಲೆ ಕಡು ಹಸಿರು! ರಾತ್ರಿ ನನ್ನ ಫೋನಲ್ಲಿ ನೈಟ್ ಲೈಟ್ ತಾನಾಗೇ ಆನ್ ಆಗಿತ್ತು. ನಾನು ಫೋನ್ ಮಾಡೋ ಹೊತ್ತಿಗೆ ಅವನು ಬೇರೆ ಬೆಳೆಗೆ ಅಂತ ನೆನೆಸಿಟ್ಟಿದ್ದ ಹಿಂಡಿ ನೀರನ್ನು ಅರ್ಧ ಎಕರೆಗೆ ಬಿಟ್ಟಾಗಿತ್ತು. ಮೊದಲೇ ಸೊಕ್ಕಿದ್ದ ಗಿಡ ಇನ್ನೂ ಸೊಕ್ಕಿತು, ಇದ್ದ ಹೂವೂ ಉದುರಿತು, ಮೇಲಿಂದ ಹೇನು ಬೇರೆ.

ಸ್ಕ್ರೀನ್ ಮೇಲಿನ ಎಲ್ಲಾ ಬಣ್ಣವೂ ಕೆಂಪು, ಹಸಿರು, ನೀಲಿ ಈ ಮೂರು ಬೆಳಕಿನಿಂದ ಆಗೋದು. ನೈಟ್ ಲೈಟ್ ನೀಲಿಯನ್ನು ತಗ್ಗಿಸುತ್ತೆ. ಆಗ ಬಿಳಿ ಹಳದಿಯಾಗಿ, ಹಸಿರು ಹಳದಿಗೆ ತಿರುಗಿ ಕಾಣುತ್ತೆ. ಇದಕ್ಕೇ ಕೆಲವು ಫೋನಲ್ಲಿ ಐ ಕಂಫರ್ಟ್, ಇನ್ನು ಕೆಲವದರಲ್ಲಿ ರೀಡಿಂಗ್ ಮೋಡ್, ಐಫೋನಲ್ಲಿ ನೈಟ್ ಶಿಫ್ಟ್ ಅಂತ ಹೆಸರು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಒಳಗೆ ಸಿಗುತ್ತೆ. ಆಫ್ ಮಾಡೋದರ ಜೊತೆಗೆ ಅದರ ಶೆಡ್ಯೂಲನ್ನೂ ತೆಗೆಯಿರಿ, ಇಲ್ಲಾಂದ್ರೆ ಸಂಜೆಗೆ ಮತ್ತೆ ಹಾಜರ್. ಸ್ಕ್ರೀನ್ ಪೂರಾ ಕಪ್ಪು-ಬಿಳುಪಾದ್ರೆ ಗಾಬರಿ ಬೇಡ, ಬೆಡ್‌ಟೈಮ್ ಮೋಡ್ ಅಥವಾ ಆಕ್ಸೆಸಿಬಿಲಿಟಿಯ ಕಲರ್ ಕರೆಕ್ಷನ್ ಆನ್ ಆಗಿರುತ್ತೆ.

ಅನುಮಾನ ಬಂದ್ರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಫೋನಿಗೆ ಕಳಿಸಿ. ನೈಟ್ ಲೈಟ್‌ನ ಹಳದಿ ಸ್ಕ್ರೀನ್‌ಶಾಟ್ ಒಳಗೆ ಹೋಗೋದಿಲ್ಲ. ಅಲ್ಲಿ ಬಣ್ಣ ಸರಿಯಿದ್ರೆ ತೊಂದರೆ ನಿಮ್ಮ ಸ್ಕ್ರೀನಿಂದು. ಅಲ್ಲೂ ಹಳದಿಯೇ ಅಂದ್ರೆ ಒಂದೋ ಫೋಟೋ ಸರಿಯಿಲ್ಲ, ಇಲ್ಲಾ ಗಿಡಕ್ಕೇ ಏನೋ ಆಗಿದೆ.

ಹಳೇ ಕಂಪ್ಯೂಟರ್ ಇಟ್ಕೊಂಡಿರೋರಿಗೆ ಒಂದು ಮಾತು. ಮಾನಿಟರಿನ ವಿಜಿಎ ಕೇಬಲ್ ಸಡಿಲವಾದ್ರೂ ಬಣ್ಣ ಕೆಡುತ್ತೆ. ನೀಲಿ ತಪ್ಪಿದ್ರೆ ಪರದೆ ಹಳದಿ, ಹಸಿರು ತಪ್ಪಿದ್ರೆ ಗುಲಾಬಿ. ರಿಪೇರಿಗೆ ಹೊರೋ ಮೊದಲು ಎರಡೂ ಕಡೆ ಕೇಬಲ್ ಬಿಚ್ಚಿ, ಪಿನ್ ಬಗ್ಗಿದೆಯಾ ನೋಡಿ, ಸ್ಕ್ರೂ ಬಿಗಿ ಮಾಡಿ.

ಫೋಟೋ ತೆಗೆಯುವಾಗಿನ ಎಡವಟ್ಟು ಇನ್ನೂ ಜಾಸ್ತಿ. ಹಸಿರು ನೆಟ್ ಕೆಳಗೆ ಬೆಳಕೇ ಹಸಿರು, ಸೊರಗಿದ ಸಸಿಯೂ ಚೆನ್ನಾಗಿ ಕಾಣುತ್ತೆ. ಕ್ಯಾಮೆರಾದ ಎಐ ಅಂತೂ ಗಿಡ ಅಂತ ಗೊತ್ತಾದ ಕೂಡಲೇ ತಾನೇ ಹಸಿರು ಬಳಿಯುತ್ತೆ, ಅದನ್ನ ಆಫ್ ಮಾಡಿ. ನಾನೀಗ ಎಲ್ಲರಿಗೂ ಹೇಳೋದು: ಎಲೆ ಪಕ್ಕ ಒಂದು ಬಿಳಿ ಹಾಳೆ, ಜೊತೆಗೆ ಚೆನ್ನಾಗಿರೋ ಗಿಡದ ಒಂದು ಎಲೆ ಇಡಿ, ಹಗಲು ಹೊತ್ತು ನಿಮ್ಮ ನೆರಳಲ್ಲಿ ಫೋಟೋ ತೆಗೆಯಿರಿ. ಹಾಳೆ ಬಿಳಿಯಾಗಿ ಕಂಡ್ರೆ ಮಾತ್ರ ಎಲೆ ಬಣ್ಣ ನಂಬಬಹುದು.

ಭತ್ತದವರು ಎಲೆ ಬಣ್ಣದ ಪಟ್ಟಿಯ ಫೋಟೋವನ್ನ ಫೋನಲ್ಲಿ ಇಟ್ಕೊಂಡು ಹೋಲಿಸ್ತಾರೆ. ಅದು ನಡೆಯಲ್ಲ, ಪ್ಲಾಸ್ಟಿಕ್ ಪಟ್ಟಿಯೇ ಕೈಯಲ್ಲಿರಬೇಕು.

ಬಣ್ಣಕ್ಕಿಂತ ಜಾಗ ನೋಡೋದು ವಾಸಿ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದ್ರೆ ಸಾರಜನಕದ ಕೊರತೆ ಇರಬಹುದು. ಹಳೇ ಎಲೆಯಲ್ಲೇ ನರ ಹಸಿರು, ನಡುವೆ ಹಳದಿ ಇದ್ರೆ ಮೆಗ್ನೀಸಿಯಂ. ಅದೇ ಗುರುತು ತುದಿಯ ಎಳೇ ಎಲೆಯಲ್ಲಿದ್ರೆ ಕಬ್ಬಿಣ. ಸ್ಕ್ರೀನ್ ಹಳದಿಯಾದ್ರೆ ಎಲೆ ಜೊತೆ ಮಣ್ಣು, ಆಕಾಶ, ಹಿಡಿದ ಕೈ ಎಲ್ಲವೂ ಹಳದಿ. ಅವತ್ತು ಆ ಹುಡುಗನ ಹೆಬ್ಬೆರಳೂ ಅರಿಶಿನ ಹಚ್ಚಿದ ಹಾಗಿತ್ತು, ನಾನೇ ಗಮನಿಸಲಿಲ್ಲ.