ನಿಮಗಿದು ಗೊತ್ತೆ? ಜೇನುಪರಾಗಕ್ಕೂ ಬೂಷ್ಟು ಹಿಡಿಯುತ್ತದೆ!

ಜೇನುತುಪ್ಪ ವರ್ಷಗಟ್ಟಲೆ ಇಟ್ಟರೂ ಸುಲಭಕ್ಕೆ ಕೆಡದು. ಆದರೆ ‘ಬೀ ಪೋಲನ್’ ಹೆಸರಿನಲ್ಲಿ ಮಾರುವ ಪರಾಗದ ಉಂಡೆಗಳ ಕಥೆಯೇ ಬೇರೆ. ಜೇನ್ನೊಣ ಪರಾಗವನ್ನು ಮಕರಂದದಲ್ಲಿ ಕಲಸಿ, ಹಿಂಗಾಲಿನ ಬುಟ್ಟಿಯಂಥ ಕುಳಿಯಲ್ಲಿ ಹೊತ್ತು ತರುತ್ತದೆ. ಜೇನುಪೆಟ್ಟಿಗೆಯ ಬಾಗಿಲಿಗೆ ಕಟ್ಟಿದ ಜಾಲರಿಯ ಕಿರುಗಂಡಿಯಲ್ಲಿ ನುಸುಳುವಾಗ ಉಂಡೆ ಉದುರಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಆಗ ಅದರಲ್ಲಿ ಸುಮಾರು ಶೇ 20ರಿಂದ 30ರಷ್ಟು ತೇವಾಂಶ. ಹಾಗೇ ಬಿಟ್ಟರೆ ಬೇಗನೆ ಬೂಷ್ಟು, ಅದರ ಬೆನ್ನಿಗೇ ಶಿಲೀಂಧ್ರ ವಿಷದ ಭಯ. ಅದಕ್ಕೇ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಣಗಿಸಬೇಕು, ಇಲ್ಲವೇ ಫ್ರೀಜರ್‌ನಲ್ಲಿಡಬೇಕು. ಬಿಸಿ ಹೆಚ್ಚಾದರೆ ವಿಟಮಿನ್‌ಗಳು ನಷ್ಟ.

ಒಣಗಿಸಿದರೂ ಹೋಗದ್ದು ಕೀಟನಾಶಕದ ಉಳಿಕೆ. ಇನ್ನು ಕೆಲವು ಗಿಡಗಳ ಪರಾಗದಲ್ಲೇ ಪಿರೋಲಿಜಿಡಿನ್ ಆಲ್ಕಲಾಯ್ಡ್ ಎಂಬ, ಯಕೃತ್ತಿಗೆ ಹಾನಿ ಮಾಡುವ ವಸ್ತು ಇರುತ್ತದೆ. ಯುರೋಪಿಯನ್ ಒಕ್ಕೂಟ ಇದಕ್ಕೆ ಕಿಲೋಗೆ 500 ಮೈಕ್ರೊಗ್ರಾಂ ಮಿತಿ ಹಾಕಿದೆ. 2022ರ ಜುಲೈನಿಂದ ಜಾರಿ. ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಲೇಬಲ್ ಇದ್ಯಾವುದನ್ನೂ ಹೇಳುವುದಿಲ್ಲ ಬಿಡಿ.

ಪರಾಗದ ಅಲರ್ಜಿ ಇದ್ದವರಲ್ಲಿ ಒಂದೇ ಚಮಚ ಕೂಡ ಉಸಿರುಗಟ್ಟಿಸುವ, ಪ್ರಾಣಕ್ಕೇ ಕುತ್ತು ತರುವ ಪ್ರತಿಕ್ರಿಯೆ ಎಬ್ಬಿಸಬಲ್ಲದು. ಅಂಥವರು ವೈದ್ಯರನ್ನು ಕೇಳದೆ ಬಾಯಿಗೆ ಹಾಕಬೇಡಿ.